ಹಳೇ ಸೆಲ್ಲು, ಹಳೇ ಚಾರ್ಜರು

ಕೋಲಾರ ತಾಲ್ಲೂಕಿನ ಕ್ಯಾಲನೂರು ಸುತ್ತಿನ ಊರುಗಳಲ್ಲಿ ಟಾರ್ಚು ಇವತ್ತಿಗೂ ಬೇಸಾಯದ ಸಲಕರಣೆಯೇ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದರೆ ಎದ್ದು ಹೋಗಿ ಮೋಟರು ಹಾಕಬೇಕು. ಟೊಮೆಟೊ ಸಾಲಿನಲ್ಲಿ ಡ್ರಿಪ್ ಪೈಪು ಎಲ್ಲಾದರೂ ಕಿತ್ತುಕೊಂಡಿದೆಯಾ ನೋಡಬೇಕು. ಬದುವಿನ ಮೇಲೆ ಕೊಳಕುಮಂಡಲ ಮಲಗಿದ್ದರೆ ಕಾಲಿಡುವ ಮೊದಲೇ ಕಾಣಬೇಕು, ಅಲ್ಲಿಗೆ ಮೊಬೈಲಿನ ಬೆಳಕು ಸಾಲದು. 1902ರಲ್ಲೇ ಶಿವನಸಮುದ್ರದಿಂದ ಚಿನ್ನದ ಗಣಿಗೆ ವಿದ್ಯುತ್ ತರಿಸಿಕೊಂಡ ಸೀಮೆ ಇದು. ಅದರ ರೈತ ಮಾತ್ರ ಕರೆಂಟಿಗಾಗಿ ಕತ್ತಲಲ್ಲಿ ಬದು ಹಿಡಿದು ನಡೆಯುತ್ತಿದ್ದಾನೆ.

ಇಂಥ ಕಡೆ ರೀಚಾರ್ಜ್ ಟಾರ್ಚಿಗೆ ಲ್ಯಾಪ್‌ಟಾಪಿನಿಂದ ಬಿಚ್ಚಿದ ಲಿಥಿಯಂ ಸೆಲ್ ಹಾಕಿಸಿಕೊಳ್ಳುವ ರೂಢಿ ಬೆಳೆದಿದೆ. ಅಗ್ಗದ ಟಾರ್ಚುಗಳೊಳಗೆ ಬರುವ 4 ವೋಲ್ಟಿನ ಸೀಸದ ಬ್ಯಾಟರಿ ಕೆಲವು ತಿಂಗಳು ಚಾರ್ಜಿಲ್ಲದೆ ಮೂಲೆಯಲ್ಲಿ ಬಿದ್ದಿದ್ದರೆ ಮತ್ತೆ ಏಳುವುದಿಲ್ಲ. ರಿಪೇರಿಯವರು ಆ ಡಬ್ಬಿ ತೆಗೆದು, ಎರಡು ವೈರು ಬೆಸೆದು ಲಿಥಿಯಂ ಸೆಲ್ ಕೂರಿಸುತ್ತಾರೆ. ಟಾರ್ಚು ಹಗುರವಾಗುತ್ತದೆ, ಹೆಚ್ಚು ಹೊತ್ತು ಉರಿಯುತ್ತದೆ. ನಾನು ಈ ರೂಢಿಯ ಪರವೇ. ನನ್ನ ತಕರಾರಿರುವುದು ಅದು ಅರ್ಧಕ್ಕೇ ನಿಂತಿರುವುದರ ಬಗ್ಗೆ: ಸೆಲ್ಲು ಬದಲಾಗಿದೆ, ಚಾರ್ಜ್ ಮಾಡುವ ಬಗೆ ಬದಲಾಗಿಲ್ಲ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಪ್ಯಾಕ್ ಸೀಳಿದರೆ ಒಳಗೆ ಸಾಮಾನ್ಯವಾಗಿ ಆರು ಉರುಟು ಸೆಲ್ ಇರುತ್ತವೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 18650 ಎಂಬ ಹೆಸರು ಬಂದದ್ದು ಇದರಿಂದಲೇ. ಎರಡೆರಡರ ಜೋಡಿಯಾಗಿ ನಿಕ್ಕಲ್ ಪಟ್ಟಿಯಿಂದ ಬೆಸೆದಿರುತ್ತಾರೆ. ಒಂದು ಜೋಡಿ ಸೋತರೆ ಲ್ಯಾಪ್‌ಟಾಪ್ ಇಡೀ ಪ್ಯಾಕನ್ನೇ ಸತ್ತಿತೆಂದು ಹೇಳುತ್ತದೆ. ಎಷ್ಟೋ ಸಲ ಉಳಿದ ನಾಲ್ಕು ಸೆಲ್ಲಿನಲ್ಲಿ ಜೀವ ಇದ್ದೇ ಇರುತ್ತದೆ. ಟಾರ್ಚಿನ ಎಲ್‌ಇಡಿ ಬೇಡುವುದು ಸ್ವಲ್ಪ. ಸವೆದು 1,200 ಮಿಲಿಆಂಪಿಯರ್-ಅವರ್ ಮಾತ್ರ ಉಳಿದ ಸೆಲ್ ಕೂಡ 300 ಮಿಲಿಆಂಪಿಯರ್ ಎಳೆಯುವ ದೀಪವನ್ನು ನಾಲ್ಕು ಗಂಟೆ ಉರಿಸಬಲ್ಲದು. ಮೋಟರು ಹಾಕಿ ಬರಲು ಅಷ್ಟು ಧಾರಾಳ ಸಾಕು. ಗುಜರಿಗೆ ಹೋಗುವ ವಸ್ತುವಿಗೆ ಇನ್ನೊಂದೆರಡು ವರ್ಷ ಬದುಕು ಸಿಗುವುದು ಒಳ್ಳೆಯದೇ.

ಆದರೆ ಆರಿಸುವ ಪರೀಕ್ಷೆ? ಬಲ್ಬು ಉರಿಯಿತೋ ಇಲ್ಲವೋ, ಅಷ್ಟೇ. ಇದು ಏನೇನೂ ಸಾಲದು. ಪ್ಯಾಕಿನಿಂದ ತೆಗೆದ ತಕ್ಷಣ ಮೀಟರು ಹಿಡಿದರೆ ಸೆಲ್ಲಿನ ಹಿಂದಿನ ಕಥೆ ತಿಳಿಯುತ್ತದೆ. 3 ವೋಲ್ಟಿಗಿಂತ ಮೇಲಿದ್ದರೆ ಮುಂದಿನ ಪರೀಕ್ಷೆಗೆ ಯೋಗ್ಯ. 2 ವೋಲ್ಟಿಗಿಂತ ಕೆಳಗೆ ಇಳಿದು ತಿಂಗಳುಗಟ್ಟಲೆ ಕೂತಿದ್ದರೆ ಒಳಗಿನ ತಾಮ್ರದ ಹಾಳೆ ಕರಗಿರುವ ಸಾಧ್ಯತೆ ಇದೆ. ಅಂಥದ್ದಕ್ಕೆ ಮತ್ತೆ ಚಾರ್ಜ್ ಕೊಟ್ಟರೆ ಆ ತಾಮ್ರ ಬೇರೆ ಕಡೆ ಹೆಪ್ಪುಗಟ್ಟಿ ಒಳಗೊಳಗೇ ಶಾರ್ಟ್ ಆಗಬಹುದು. ಅದನ್ನು ‘ಎಬ್ಬಿಸಿ’ ಕೊಡುವುದನ್ನು ಕೈಚಳಕವೆಂದು ಹೊಗಳುವವರಿದ್ದಾರೆ, ನಾನು ಹೊಗಳಲಾರೆ. ಉಳಿದವನ್ನು 4.2 ವೋಲ್ಟಿನವರೆಗೆ ತುಂಬಿಸಿ ಒಂದೆರಡು ವಾರ ಹಾಗೇ ಇಡಬೇಕು. ತಾನಾಗಿಯೇ 4 ವೋಲ್ಟಿಗಿಂತ ಕೆಳಗಿಳಿದರೆ, ಅಥವಾ ತುಂಬುವಾಗಲೇ ಕೈಗೆ ಬಿಸಿ ತಟ್ಟಿದರೆ, ಅದು ಟಾರ್ಚಿಗೆ ಬೇಡ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹರಿದಿದೆಯಾ ಎಂದೂ ನೋಡಬೇಕು. ಈ ಸೆಲ್ಲಿನ ಇಡೀ ಲೋಹದ ಮೈಯೇ ಮೈನಸ್. ತುದಿಯ ಪ್ಲಸ್ಸಿಗೂ ಅದಕ್ಕೂ ನಡುವೆ ಇರುವುದು ತೆಳ್ಳನೆಯ ಒಂದು ಉಂಗುರ, ಮೇಲೊಂದು ಹೊದಿಕೆ. ಹರಿದ ಸೆಲ್ಲನ್ನು ಲೋಹದ ಟಾರ್ಚಿನೊಳಗೆ ತೂರಿಸುವವರು ಈ ಅಂತರವನ್ನು ನೆನಪಿಡಬೇಕು. ಎರಡು ಸೆಲ್ ಸಾಲಾಗಿ ಕೂರುವ ಟಾರ್ಚಿಗಂತೂ ಬೇರೆಬೇರೆ ಪ್ಯಾಕಿನವನ್ನು ಸೇರಿಸಲೇಬಾರದು, ಬಲವಾದದ್ದು ಸೋತದ್ದನ್ನು ತಿರುಗುಮುರುಗಾಗಿ ಚಾರ್ಜ್ ಮಾಡಿಬಿಡುತ್ತದೆ.

ಇನ್ನು ಚಾರ್ಜರು. ಆ ಅಗ್ಗದ ಟಾರ್ಚಿನ ಸ್ಕ್ರೂ ಬಿಚ್ಚಿ ಒಳಗಿನ ಹಲಗೆ ನೋಡಿ. ದಪ್ಪನೆಯ ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಒಂದೆರಡು ರೆಸಿಸ್ಟರ್, ಚಾರ್ಜಾಗುತ್ತಿದೆ ಎಂದು ತೋರಿಸುವ ಕೆಂಪು ದೀಪ. ಟ್ರಾನ್ಸ್‌ಫಾರ್ಮರ್ ಇಲ್ಲ, ತುಂಬಿದ ಮೇಲೆ ನಿಲ್ಲಿಸುವ ಯಾವ ಏರ್ಪಾಡೂ ಇಲ್ಲ. ಮನೆಯ 230 ವೋಲ್ಟ್ ನೇರ ಆ ಹಲಗೆಗೇ ಬರುತ್ತದೆ. ಸೀಸದ ಬ್ಯಾಟರಿ ಇದನ್ನು ಹೇಗೋ ಸಹಿಸಿಕೊಳ್ಳುತ್ತದೆ, 4.8 ವೋಲ್ಟಿನ ಹತ್ತಿರ ಹೋದರೂ ನೀರು ಆರಿಸಿಕೊಂಡು ನಿಧಾನವಾಗಿ ಸಾಯುತ್ತದೆ. ಲಿಥಿಯಂ ಸೆಲ್ಲಿಗೆ 4.2 ವೋಲ್ಟೇ ಗಡಿ. ದಾಟಿದರೆ ಒಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ, ಅನಿಲ ಹುಟ್ಟುತ್ತದೆ, ಸೆಲ್ಲು ಕಾಯುತ್ತದೆ.

ಇದನ್ನು ಹೇಳಿದರೆ ಬರುವ ಉತ್ತರ ನನಗೆ ಗೊತ್ತು: ‘ಇಷ್ಟು ದಿನ ಏನೂ ಆಗಿಲ್ವಲ್ಲ ಅಣ್ಣಾ.’ ಆ ಮಾತಿನಲ್ಲಿ ಸುಳ್ಳಿಲ್ಲ, ಅದಕ್ಕೇ ಅದು ಅಪಾಯಕಾರಿ. 1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಸುಮಾರು 65-70 ಮಿಲಿಆಂಪಿಯರ್ ಮಾತ್ರ ಹರಿಯುತ್ತದೆ. ಪೂರ್ತಿ ಖಾಲಿಯಾದ 2,000ದ ಸೆಲ್ ತುಂಬಲು ಅದಕ್ಕೆ ಸುಮಾರು 30 ಗಂಟೆ ಬೇಕು. ಒಂದು ರಾತ್ರಿ ಸಿಕ್ಕಿಸಿಟ್ಟರೆ ಏನೂ ಆಗುವುದಿಲ್ಲ. ಆದರೆ ದಿನಕ್ಕೆ ಹತ್ತು ನಿಮಿಷ ಬಳಸಿ ದಿನವೂ ರಾತ್ರಿಯಿಡೀ ಚಾರ್ಜಿಗಿಟ್ಟರೆ ಒಳಬರುವುದು ಹೊರಹೋಗುವುದಕ್ಕಿಂತ ಹೆಚ್ಚಾಗುತ್ತಾ ಹೋಗಿ ಯಾವುದೋ ಒಂದು ರಾತ್ರಿ ಗಡಿ ದಾಟುತ್ತದೆ. ಆ ಹೊತ್ತಿಗೆ ಟಾರ್ಚು ಎಲ್ಲಿರುತ್ತದೆ? ನಮ್ಮ ಕಡೆ ಕೊಟ್ಟಿಗೆಯ ಹುಲ್ಲಿನ ಪಕ್ಕದ ಪ್ಲಗ್ಗಿನಲ್ಲಿ, ಇಲ್ಲವೇ ಒಣ ಬಿದಿರಿನ ಚಂದ್ರಿಕೆ ಜೋಡಿಸಿದ ರೇಷ್ಮೆ ಹುಳುಮನೆಯಲ್ಲಿ. ನನ್ನನ್ನು ಕಾಡುವ ಚಿತ್ರ ಇದೇ.

ಪರಿಹಾರ ಕಷ್ಟದ್ದಲ್ಲ. ಆ ಹಲಗೆಯನ್ನು ಪೂರ್ತಿ ಕಿತ್ತುಹಾಕಿ ಟಿಪಿ4056 ಎಂಬ ಚಿಪ್ಪಿರುವ ಪುಟ್ಟ ಬೋರ್ಡು ಕೂರಿಸಬೇಕು. ಅದು ಮೊಬೈಲ್ ಚಾರ್ಜರಿನ 5 ವೋಲ್ಟಿನಿಂದ ನಡೆದು 4.2ಕ್ಕೆ ತಾನೇ ನಿಲ್ಲಿಸುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕಡಿಮೆ ಬೆಲೆಗೆ ಸಿಗುವ ವಸ್ತು. ಒಂದೇ ಚಿಪ್ಪಿರುವುದನ್ನು ಬಿಟ್ಟು, ಪಕ್ಕದಲ್ಲಿ ರಕ್ಷಣೆಯ ಎರಡು ಸಣ್ಣ ಚಿಪ್ಪೂ ಇರುವುದನ್ನೇ ಕೊಳ್ಳಬೇಕು. ಸೆಲ್ಲು ತೀರಾ ಖಾಲಿಯಾಗುವ ಮೊದಲೇ ದೀಪ ಆರಿಸುವುದು ಅವು. ಹಳೇ ಸೆಲ್ಲಿಗೆ ಈ ಬೋರ್ಡು ಕೊಡುವ 1 ಆಂಪಿಯರ್ ಜಾಸ್ತಿ. 1.2 ಕಿಲೋಓಮ್ ರೆಸಿಸ್ಟರ್ ತೆಗೆದು 2.4ರದ್ದು ಹಾಕಿದರೆ ಅರ್ಧ ಆಂಪಿಯರಿಗೆ ಇಳಿಯುತ್ತದೆ. ಬೆಸುಗೆ ಬಲ್ಲ ಯಾವ ರಿಪೇರಿಯವರಿಗೂ ಇದು ಸುಲಭದ ಕೆಲಸ. ಮಾಡದೆ ಬಿಡುವುದು ಗಿರಾಕಿ ಕೇಳುವುದಿಲ್ಲ ಎಂಬ ಕಾರಣಕ್ಕೆ. ಕೇಳಬೇಕು.

ಮೊಬೈಲಿನ ಚಪ್ಪಟೆ ಬ್ಯಾಟರಿಯನ್ನು ಟಾರ್ಚಿಗೆ ಹಾಕುವವರೂ ಇದ್ದಾರೆ. 2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳ ಪೈಕಿ 4.6 ಕೋಟಿಯನ್ನು ಬದಲಾಯಿಸಿಕೊಡುವುದಾಗಿ ಹೇಳಿದಾಗ ನಂಬರು ಹಿಡಿದು ಪರೀಕ್ಷಿಸಿದ್ದು ಹಲವರಿಗೆ ನೆನಪಿರಬಹುದು. ಚಾರ್ಜಿನಲ್ಲಿರುವಾಗ ಒಳಗೇ ಶಾರ್ಟಾಗಿ ಕಾಯುವ ದೋಷ ಅದು. ಕಾರ್ಖಾನೆಯಿಂದ ಹೊಸದಾಗಿ ಬಂದದ್ದರ ಪಾಡೇ ಹಾಗಾದರೆ, ಉಬ್ಬಿದ ಹಳೆಯ ಬ್ಯಾಟರಿಯನ್ನು ಒತ್ತಿ ಕೂರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹೊಸ ಸೆಲ್ ಕೊಳ್ಳುವವರು 9900 ಎಂದು ಅಚ್ಚು ಹಾಕಿದ್ದನ್ನು ಮುಟ್ಟದಿರಲಿ. 18650 ಅಳತೆಯಲ್ಲಿ ನಿಜವಾದ ಸಾಮರ್ಥ್ಯ 3,500ರ ಆಸುಪಾಸಿಗೆ ನಿಂತಿದೆ. ಒಳ್ಳೆಯ ಸೆಲ್ 45 ಗ್ರಾಮಿನಷ್ಟು ತೂಗುತ್ತದೆ, ತೀರಾ ಹಗುರವಾದರೆ ಅನುಮಾನಿಸಿ. ಐಎಸ್ 16046 ಗುರುತು, ಅದರ ಜೊತೆಗಿನ ನೋಂದಣಿ ಸಂಖ್ಯೆ ಇದೆಯೇ ನೋಡಿ. ಸಾಧ್ಯವಾದರೆ ಸೋಲಾರ್ ದೀಪಗಳಲ್ಲಿ ಬರುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲೇ ನನ್ನ ಆಯ್ಕೆ. ಸ್ವಲ್ಪ ದಪ್ಪ, ಆದರೆ ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ, ಬಾಳಿಕೆಯೂ ಹೆಚ್ಚು. ಅದರ ಗಡಿ 3.65 ವೋಲ್ಟ್, ಹಾಗಾಗಿ 4.2ರ ಚಾರ್ಜರು ಅದಕ್ಕೆ ನಡೆಯದು.

ಕೊನೆಗೆ, ಪರೀಕ್ಷೆಯಲ್ಲಿ ಸೋತ ಸೆಲ್ಲುಗಳು. ಇವತ್ತು ಅವು ತಿಪ್ಪೆಗೋ ಗುಜರಿಯ ಮೂಟೆಗೋ ಸೇರುತ್ತಿವೆ, ಜಜ್ಜಿದರೆ ಅಲ್ಲೇ ಹೊತ್ತಿಕೊಳ್ಳುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಿಚ್ಚಿದ ಬಿಡಿ ಸೆಲ್ಲು ಹಳ್ಳಿಯಿಂದ ಅಲ್ಲಿಯವರೆಗೆ ತಲುಪಬೇಕಾದರೆ ನಡುವೆ ಒಂದು ಕೈ ಬೇಕು. ಎರಡು ತುದಿಗೂ ಟೇಪು ಸುತ್ತಿದ ಸೆಲ್ಲುಗಳನ್ನು ಮರಳು ತುಂಬಿದ ಡ್ರಮ್ಮಿನಲ್ಲಿ ಬೇರೆಯಾಗಿ ಇಡುವ ಕೆಲಸವನ್ನು ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣ ಮಾಡಬಹುದು. ಅಲ್ಲಿ ಒಣ ಕಸ ಬೇರ್ಪಡಿಸುವ ಹೆಣ್ಣುಮಕ್ಕಳ ಕೈ ಸುಡದಂತೆಯೂ ಆಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಬೀದಿದೀಪದ ವಿಷಯ ಬಂದಾಗ ಈ ಡ್ರಮ್ಮಿನ ಮಾತನ್ನೂ ಎತ್ತಬೇಕು.