ಏಳನೇ ಜನರೇಷನ್ ಮಾಡಿದ ತಪ್ಪೇನು?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. 2015ರ ಜುಲೈನಲ್ಲಿ ಬಂದ ವ್ಯವಸ್ಥೆಗೆ ಹತ್ತು ವರ್ಷ ಪುಕ್ಕಟೆ ಅಪ್‌ಡೇಟ್ ಕೊಟ್ಟದ್ದು ಸಣ್ಣ ಮಾತಲ್ಲ. ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ವಿಂಡೋಸ್ 11 ಯಾವ ಯಂತ್ರಕ್ಕೆ ಸಿಗಬೇಕು, ಯಾವುದಕ್ಕೆ ಸಿಗಬಾರದು ಎಂದು ಗೆರೆ ಎಳೆದ ರೀತಿಯ ಬಗ್ಗೆ.

ಸುಮಾರಾಗಿ ಹೇಳುವುದಾದರೆ ಆ ಗೆರೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್, ಎಎಂಡಿಯಲ್ಲಿ ರೈಜನ್ 2000 ಸರಣಿ. ಅದರಿಂದ ಹೊರಗುಳಿದ, ಇಂಟೆಲ್‌ನ ಏಳನೇ ಜನರೇಷನ್ನಿನ ಐ5-7200ಯು ಪ್ರೊಸೆಸರ್‌ನ ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳಿ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಹಾಕಿಸಿದರೆ ಲೆಕ್ಕಪತ್ರ, ಬರವಣಿಗೆ, ಮಕ್ಕಳ ಆನ್‌ಲೈನ್ ಪಾಠ ಎಲ್ಲವೂ ಇವತ್ತಿಗೂ ಸಲೀಸು. ಬಯಾಸ್‌ಗೆ ಹೋಗಿ ಇಂಟೆಲ್‌ನ ಪಿಟಿಟಿ ಆನ್ ಮಾಡಿದರೆ ವಿಂಡೋಸ್ 11 ಕೇಳುವ ಸುರಕ್ಷತಾ ಸೌಲಭ್ಯವಾದ ಟಿಪಿಎಂ 2.0 ಕೂಡ ಸಿದ್ಧ. ಆಮೇಲೆ ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಓಡಿಸಿ ನೋಡಿ: ಟಿಪಿಎಂ ಪಾಸು, ಸೆಕ್ಯೂರ್ ಬೂಟ್ ಪಾಸು, ರ‍್ಯಾಮ್ ಪಾಸು, ಪ್ರೊಸೆಸರ್ ಮಾತ್ರ ಫೇಲು.

ಕಂಪನಿ ಕೊಡುವ ದೊಡ್ಡ ಕಾರಣ ಸುರಕ್ಷತೆ. ಕರ್ನಲ್‌ನೊಳಗೆ ಕಳ್ಳ ಕೋಡ್ ನುಸುಳದಂತೆ ತಡೆಯುವ 'ಮೆಮೊರಿ ಇಂಟೆಗ್ರಿಟಿ' ನಿಜಕ್ಕೂ ಬೇಕಾದ ಕಾವಲು. ಯಂತ್ರ ನಿಧಾನವಾಗದೆ ಅದು ಕೆಲಸ ಮಾಡಬೇಕಾದರೆ ಪ್ರೊಸೆಸರ್‌ನಲ್ಲೇ ಒಂದು ಸೌಲಭ್ಯ ಇರಬೇಕು. ಇಂಟೆಲ್‌ನಲ್ಲಿ ಅದು ಏಳನೇ ಜನರೇಷನ್ನಿಂದಲೇ ಇದೆ, ಎಎಂಡಿಯಲ್ಲಿ ಬಂದದ್ದು ಜೆನ್ 2 ವಿನ್ಯಾಸದಿಂದ. ಹಾಗೆಂದು ಮೈಕ್ರೋಸಾಫ್ಟ್‌ನ ದಾಖಲೆಯೇ ಹೇಳುತ್ತದೆ. ಆದರೆ ಜೆನ್ 2ಕ್ಕಿಂತ ಹಿಂದಿನ ರೈಜನ್ 5 2600 ವಿಂಡೋಸ್ 11ರ ಪ್ರೊಸೆಸರ್ ಪಟ್ಟಿಯ ಒಳಗಿದೆ, ಇಂಟೆಲ್‌ನ ಏಳನೇ ಜನರೇಷನ್ ಬಹುತೇಕ ಹೊರಗಿದೆ. ಸೌಲಭ್ಯ ಇಲ್ಲದ್ದಕ್ಕೆ ಪ್ರವೇಶ, ಇದ್ದದ್ದಕ್ಕೆ ಬಾಗಿಲು ಬಂದ್. ಇದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

2021ರ ಆಗಸ್ಟ್‌ನಲ್ಲಿ ಪಟ್ಟಿ ಪರಿಷ್ಕರಿಸಿದಾಗ ಏಳನೇ ಜನರೇಷನ್ನಿನ ಕೋರ್ ಐ7-7820ಎಚ್‌ಕ್ಯು ಒಳಗೆ ಬಂತು. ಮೈಕ್ರೋಸಾಫ್ಟ್ ತಾನೇ ತಯಾರಿಸಿ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದದ್ದು ಅದೇ ಚಿಪ್ಪು. ತನ್ನ ದುಬಾರಿ ಯಂತ್ರದ ಗಿರಾಕಿಗೆ ತೋರಿಸಿದ ಕಾಳಜಿಯನ್ನು ಅದೇ ಕಾಲದ ಸಾಧಾರಣ ಲ್ಯಾಪ್‌ಟಾಪ್ ಕೊಂಡವರಿಗೂ ತೋರಿಸಬೇಕಿತ್ತು.

ಹಳೆಯ ವ್ಯವಸ್ಥೆಗೆ ತೇಪೆ ಹಾಕುತ್ತಾ ಕೂರಲಾಗದು ಎಂಬ ಮಾತೂ ನಿಲ್ಲುವುದಿಲ್ಲ. ವಿಂಡೋಸ್ 10ರ ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಆವೃತ್ತಿಗೆ 2032ರ ಜನವರಿ 13ರವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ. ತೇಪೆ ಹೇಗೂ ತಯಾರಾಗುತ್ತದೆ; ಮನೆಯ ಕಂಪ್ಯೂಟರ್‌ಗೆ ಅಷ್ಟು ಕಾಲ ತಲುಪುವುದಿಲ್ಲ, ಅಷ್ಟೇ.

ಲಿನಕ್ಸ್ ಹಾಕಿಕೊಳ್ಳಿ ಎನ್ನುವವರ ಸಲಹೆ ಒಳ್ಳೆಯದೇ. ಕಗಪ ಕೀಲಿಮಣೆ ವಿನ್ಯಾಸ ಅಲ್ಲೂ ಇದೆ, ಯೂನಿಕೋಡ್ ಕನ್ನಡ ಚೆನ್ನಾಗಿ ಮೂಡುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುತ್ತಾ ಬಂದಿರುವ ಸಣ್ಣ ಊರಿನ ಡಿಟಿಪಿಯವರಿಗೆ ವಿಂಡೋಸ್ ಬಿಡುವುದೆಂದರೆ ವರ್ಷಗಟ್ಟಲೆಯ ಕಡತಗಳನ್ನೇ ಬಿಟ್ಟಂತೆ.

ಅಂಥವರಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಿಸಿದ ಹೆಚ್ಚುವರಿ ಅಪ್‌ಡೇಟ್ ಇದೆ. ಅದಕ್ಕೆ 30 ಡಾಲರ್ ಕಟ್ಟಬೇಕು, ಇಲ್ಲವೇ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಬೇಕು, ಅಥವಾ ಸಾವಿರ ರಿವಾರ್ಡ್ ಪಾಯಿಂಟ್ ತೆರಬೇಕು. ಗ್ರಾಹಕ ಸಂಘಟನೆಯ ಒತ್ತಡದ ನಂತರ ಯುರೋಪಿನ ಬಳಕೆದಾರರಿಗೆ ಹಣವೂ ಬೇಡ, ಬ್ಯಾಕಪ್ ಷರತ್ತೂ ಬೇಡ ಎಂದಾಯಿತು. ಅದೇ ರಿಯಾಯಿತಿಯನ್ನು ನಮ್ಮ ಗ್ರಾಹಕ ಸಂಘಟನೆಗಳೂ ಪಟ್ಟು ಹಿಡಿದು ಕೇಳಬೇಕು, ಜೊತೆಗೆ ಟಿಪಿಎಂ 2.0 ಇರುವ ಏಳನೇ ಜನರೇಷನ್ನಿಗೆ ವಿಂಡೋಸ್ 11 ಅನ್ನೂ.