ಗಂಟೆ ಹೊಡೆದ ಮೇಲಿನ ಶಾಲೆ

ಕಂಟೋನ್ಮೆಂಟಿನ ಕಾನ್ವೆಂಟುಗಳಲ್ಲಿ ಓದಿದವರನ್ನು ಶಾಲೆಯ ಬಗ್ಗೆ ಮಾತಾಡಿಸಿ ನೋಡಿ. ತ್ರಿಕೋನಮಿತಿ ಯಾರು ಕಲಿಸಿದರೆಂಬುದು ಮರೆತಿರುತ್ತದೆ. ತಾವು ಯಾವ ಹೌಸಿನಲ್ಲಿದ್ದೆವು, ಬ್ಯಾಂಡಿನಲ್ಲಿ ಯಾವ ವಾದ್ಯ ಹಿಡಿದಿದ್ದೆವು, ಯಾವ ವರ್ಷದ ನಾಟಕದಲ್ಲಿ ರಾಜನ ಗಡ್ಡ ಕಳಚಿ ಬಿತ್ತು ಎಂಬುದನ್ನೆಲ್ಲ ಮೊನ್ನೆ ನಡೆದಂತೆ ಹೇಳುತ್ತಾರೆ. ಅಡ್ಮಿಷನ್ ಸಮಯದಲ್ಲಿ ತಂದೆತಾಯಿಯರ ಕೈಗೆ ಬರುವ ಬಣ್ಣದ ಪುಸ್ತಿಕೆಯಲ್ಲೂ ಅರ್ಧ ಭಾಗ ಈ ಚಿತ್ರಗಳೇ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಇಷ್ಟು ಅಳೆದು ತೂಗುವ ನಾವು, ಶಾಲೆಯ ಕ್ಲಬ್ಬುಗಳನ್ನು ಮಾತ್ರ ಚಪ್ಪಾಳೆ ತಟ್ಟಿ ಬಿಟ್ಟುಬಿಡುತ್ತೇವೆ. ಅವುಗಳಿಗೂ ಒಂದು ವಿಮರ್ಶೆ ಸಲ್ಲಬೇಕು.

ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರ ನಿವಾಸವಿದೆ. ಅಲ್ಲಿಂದ ಫ್ರೇಜರ್ ಟೌನಿನ ಕಡೆ ಹೊರಟರೆ ಸೇಂಟ್ ಜರ್ಮೇನ್, ಸೇಂಟ್ ಫ್ರಾನ್ಸಿಸ್ ಝೇವಿಯರ್ಸ್. ದಂಡಿನ ಇನ್ನೊಂದು ಬದಿಗೆ ಇಳಿದರೆ ಮ್ಯೂಸಿಯಂ ರಸ್ತೆಯಲ್ಲಿ 1854ರ ಸೇಕ್ರೆಡ್ ಹಾರ್ಟ್ ಮತ್ತು 1858ರ ಸೇಂಟ್ ಜೋಸೆಫ್ಸ್. ಇವುಗಳ ಜೊತೆಗೆ, ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡ, ಫೀಸು ಕಡಿಮೆಯಿರುವ, ಸರ್ಕಾರದ ಅನುದಾನದಲ್ಲಿ ನಡೆಯುವ ಸಣ್ಣ ಶಾಲೆಗಳೂ ಇವೆ. ಪುಸ್ತಿಕೆಯಲ್ಲಿ ಮಿಂಚುವುದು ಮೊದಲಿನ ಬಗೆಯವು. ಎರಡನೆಯ ಬಗೆಯ ಶಾಲೆಗಳ ಮಾತಿಗೆ ಮುಂದೆ ಬರುತ್ತೇನೆ.

ಈ ಕ್ಲಬ್ಬುಗಳ ವಂಶಾವಳಿ ಸ್ವಾರಸ್ಯದ್ದು. ಪಾಠದ ಹೊರಗೆ ಮಕ್ಕಳನ್ನು ಕೂಡಿಸಿ ಚರ್ಚೆ ಮಾಡಿಸುವ 'ಅಕಾಡೆಮಿ'ಗಳಿಗೆ ಜೆಸುಯಿಟ್ ಪಾದ್ರಿಗಳು 1599ರ ತಮ್ಮ ಶಿಕ್ಷಣ ಸಂಹಿತೆಯಲ್ಲೇ ನಿಯಮ ಬರೆದಿದ್ದರು. ನಾಟಕವಂತೂ ಅವರ ಶಾಲೆಗಳ ಉಸಿರಾಗಿತ್ತು. ಮರಿಯಮ್ಮನವರ ಹೆಸರಿನ 'ಸೊಡಾಲಿಟಿ' ಎಂಬ ವಿದ್ಯಾರ್ಥಿ ಭಕ್ತಕೂಟ ಅದಕ್ಕೂ ಹಿಂದಿನದು, 1563ರಲ್ಲಿ ರೋಮಿನಲ್ಲಿ ಹುಟ್ಟಿದ್ದು. ಇದರ ಮೇಲೆ ಇಂಗ್ಲಿಷ್ ಬೋರ್ಡಿಂಗ್ ಶಾಲೆಗಳ ಹೌಸ್ ಪದ್ಧತಿ, ಆ ಮೇಲೆ ದಂಡಿನ ಶಿಸ್ತು. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಕಟ್ಟಿದ್ದು ನೆರೆಯ ಬಿಷಪ್ ಕಾಟನ್ ಶಾಲೆಯಲ್ಲಿ. ಅದು ಆಂಗ್ಲಿಕನ್ ಶಾಲೆ, ಆದರೆ ಗಾಳಿ ಒಂದೇ. ಹೀಗೆ ನಮ್ಮ ಕಾನ್ವೆಂಟಿನ ಕ್ಲಬ್ಬು ಅರ್ಧ ಪ್ರಾರ್ಥನಾ ಮಂದಿರದಿಂದ ಬಂತು, ಅರ್ಧ ಪೆರೇಡ್ ಮೈದಾನದಿಂದ ಬಂತು.

ಒಳ್ಳೆಯದನ್ನು ಮೊದಲು ಹೇಳಿಬಿಡಬೇಕು. ಶಿವಾಜಿನಗರದ ಮಾಂಸದಂಗಡಿಯವರ ಮಗ, ಮಿಲಿಟರಿ ಅಧಿಕಾರಿಯ ಮಗ, ಹಲಸೂರಿನ ಹೂವಿನವರ ಮೊಮ್ಮಗ ಮೂವರೂ ಗ್ರೀನ್ ಹೌಸಿಗಾಗಿ ಒಂದೇ ಹಗ್ಗ ಎಳೆಯುವುದು ಈ ಊರಿನಲ್ಲಿ ಬೇರೆಲ್ಲೂ ಸುಲಭಕ್ಕೆ ನಡೆಯುವುದಿಲ್ಲ. ಟೈಂಟೇಬಲ್ ಮಕ್ಕಳನ್ನು ಬೇರ್ಪಡಿಸುತ್ತದೆ: ಸಂವಿಧಾನದ 28ನೇ ವಿಧಿಯ ಪ್ರಕಾರ ಒಪ್ಪಿಗೆಯಿಲ್ಲದೆ ಯಾರಿಗೂ ಧರ್ಮಬೋಧೆ ಮಾಡುವಂತಿಲ್ಲವಾದ್ದರಿಂದ, ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಒಂದು ಕೋಣೆಗೆ, ಉಳಿದವರು ಮಾರಲ್ ಸೈನ್ಸಿಗೆ ಇನ್ನೊಂದು ಕೋಣೆಗೆ ಹೋಗುತ್ತಾರೆ. ಗಂಟೆ ಹೊಡೆದ ಮೇಲೆ ಕ್ವಾಯರಿನಲ್ಲಿ ಮತ್ತೆ ಒಂದಾಗುತ್ತಾರೆ. ಡಿಸೆಂಬರಿನ ಕ್ಯಾರಲ್ಸ್‌ನಲ್ಲಿ ಮೇಲಿನ ಸ್ವರ ಹಿಡಿದವಳು ಮುಸ್ಲಿಂ ಹುಡುಗಿಯೋ ಅಯ್ಯಂಗಾರರ ಹುಡುಗಿಯೋ ಎಂದು ವಿಚಾರಿಸುವ ಪದ್ಧತಿ ಕಂಟೋನ್ಮೆಂಟಿಗೆ ಇರಲಿಲ್ಲ. ಈಚೆಗೆ ವಿಚಾರಿಸುವವರು ಹೆಚ್ಚಿದ್ದಾರೆ, ಅದು ಬೇರೆ ಮಾತು. ಸಭಾಕಂಪ ಬಿಡಿಸುವುದರಲ್ಲಿ ಈ ಶಾಲೆಗಳನ್ನು ಮೀರಿಸಿದವರಿಲ್ಲ. ಆಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ರಾಹುಲ್ ದ್ರಾವಿಡ್ ಸೇಂಟ್ ಜೋಸೆಫ್ಸ್ ಹುಡುಗ ಎಂದರೆ ಸಾಕು.

ನನ್ನ ತಕರಾರು ಇರುವುದು ಬೇರೆ ಕಡೆ. ಈ ಶಾಲೆಗಳ ಕ್ಲಬ್ಬುಗಳಲ್ಲೆಲ್ಲ ಅತ್ಯಂತ ಹರಿತವಾದದ್ದು ವೈಸಿಎಸ್, ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್. ಎಲ್ಲ ಧರ್ಮದ ಮಕ್ಕಳೂ ಸೇರುವ ಕಡೆ ಇದಕ್ಕೇ ವೈಎಸ್ಎಂ ಎಂದು ಹೆಸರು. ಇದರ ಬೇರು ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡಿನ್ 1925ರಲ್ಲಿ ಕಟ್ಟಿದ ಕಾರ್ಮಿಕ ಯುವಜನರ ಸಂಘಟನೆಯಲ್ಲಿದೆ. ಕೂಲಿಕಾರರ ಮನೆಯಿಂದ ಬಂದ ಕಾರ್ಡಿನ್, ತನ್ನ ಜೊತೆ ಓದಿದ ಹುಡುಗರು ಕಾರ್ಖಾನೆ ಸೇರಿ ತನ್ನಿಂದ ದೂರವಾದದ್ದನ್ನು ಕಣ್ಣಾರೆ ಕಂಡವನು. ಅವನು ಕಲಿಸಿದ ಕ್ರಮ ಮೂರು ಮೆಟ್ಟಿಲಿನದು: ನೋಡು, ವಿವೇಚಿಸು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಇದಕ್ಕೆ ಮುದ್ರೆ ಒತ್ತಿದರು. ಹದಿನಾಲ್ಕು ವರ್ಷದ ಮಕ್ಕಳ ಕೈಗೆ ಇದಕ್ಕಿಂತ ಒಳ್ಳೆಯ ಉಪಕರಣ ಕೊಡುವುದು ಕಷ್ಟ.

ಇಂಥ ಒಂದು ಗುಂಪಿನ ಮಿನಿಟ್ಸ್ ಪುಸ್ತಕ ನೋಡಿದ್ದೇನೆ. ಶಾಲೆಯ ಹೆಸರು ಬೇಡ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕು, ಬ್ರೌನ್ ಪೇಪರಿನ ಹೊದಿಕೆ, ಒಂಬತ್ತನೇ ಕ್ಲಾಸಿನ ಹುಡುಗಿಯ ದುಂಡು ಅಕ್ಷರ. 'ನೋಡು' ಎಂಬುದರ ಕೆಳಗೆ ಬರೆದಿತ್ತು: ಹೆಣ್ಣುಮಕ್ಕಳ ಶೌಚಾಲಯದಲ್ಲಿ ಎರಡು ಬಾಗಿಲಿಗೆ ಚಿಲಕವಿಲ್ಲ, ಒಬ್ಬಳು ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು, ಅದಕ್ಕೆ ಕೆಲವರು ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ಎಂಥ ನೋಟ! ವೈದ್ಯರಿಗೂ ಇಂಜಿನಿಯರಿಗೂ ಕಾಣದ್ದು ಆ ಪುಟದಲ್ಲಿತ್ತು. 'ವಿವೇಚಿಸು' ಎಂಬಲ್ಲಿ ಬೈಬಲಿನ ಒಂದು ವಾಕ್ಯದ ಸಂಖ್ಯೆ. 'ಮಾಡು' ಎಂಬಲ್ಲಿ: ಸ್ವಚ್ಛತೆಯ ಬಗ್ಗೆ ಚಾರ್ಟ್ ಪೇಪರಿನಲ್ಲಿ ಪೋಸ್ಟರ್ ಸ್ಪರ್ಧೆ. ಅಡಿಯಲ್ಲಿ ಉಸ್ತುವಾರಿ ಟೀಚರ ಸಹಿ.

ಚಿಲಕದ ಬೆಲೆ ಪೋಸ್ಟರಿನ ಬಹುಮಾನಕ್ಕಿಂತ ಕಡಿಮೆ. ಆದರೂ ಮಕ್ಕಳಿಗೆ ಹೆಡ್ಮಿಸ್ಟ್ರೆಸ್ ಕೋಣೆಯ ಬಾಗಿಲು ತಟ್ಟುವ ದಾರಿ ತೋರಿಸಲಿಲ್ಲ. ಮಕ್ಕಳು ಕಂಡಿದ್ದರು, ದೊಡ್ಡವರು ನಡುವಿನ ಮೆಟ್ಟಿಲನ್ನು ಕಿತ್ತು ಹಾಕಿದರು. ಚಿಲಕ ಯಾಕಿಲ್ಲ, ಯಾರು ಹಾಕಿಸಬೇಕು, ಹಾಕಿಸದಿದ್ದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಎದ್ದರೆ ಅದು ಶಾಲೆಯ ಆಡಳಿತದ ಬುಡಕ್ಕೇ ಬರುತ್ತದೆ. ಕೊಳೆಗೇರಿಗೆ ಹಳೇ ಬಟ್ಟೆ ಹಂಚಿ ಬರುವುದು ಅದಕ್ಕಿಂತ ಸುಲಭ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. 1973ರಲ್ಲಿ ವೆಲೆನ್ಸಿಯಾದಲ್ಲಿ ಜೆಸುಯಿಟ್ ಮುಖ್ಯಸ್ಥ ಪೆದ್ರೊ ಅರುಪೆ ಹಳೆಯ ವಿದ್ಯಾರ್ಥಿಗಳ ಮುಂದೆ ನಿಂತು, ನ್ಯಾಯಕ್ಕಾಗಿ ನಾವು ನಿಮ್ಮನ್ನು ತಯಾರು ಮಾಡಿದ್ದೇವೆಯೇ ಎಂದು ತಾವೇ ಕೇಳಿ, ಇಲ್ಲವೆಂದು ತಾವೇ ಉತ್ತರಿಸಿದ್ದರು. 'ಇತರರಿಗಾಗಿ ಬಾಳುವವರು' ಎಂಬ ಅವರ ಮಾತು ಇಂದು ಜೆಸುಯಿಟ್ ಶಾಲೆಗಳ ಗೋಡೆಗಳ ಮೇಲಿದೆ. ಆ 'ಇಲ್ಲ' ಎಂಬ ಉತ್ತರವನ್ನು ಯಾರೂ ಗೋಡೆಗೆ ಬರೆಸಲಿಲ್ಲ.

ಇನ್ನು ಸಮಯದ ಪ್ರಶ್ನೆ. ಕ್ಲಬ್ಬುಗಳು ನಡೆಯುವುದು ಸಾಮಾನ್ಯವಾಗಿ ಶಾಲೆ ಬಿಟ್ಟ ಮೇಲೆ, ಇಲ್ಲವೇ ಶನಿವಾರ. ಕೆ.ಆರ್.ಪುರದಿಂದ ವ್ಯಾನಿನಲ್ಲಿ ಬರುವ ಮಗು ಮೂರೂವರೆಗೆ ಹೊರಟುಬಿಡಬೇಕು, ವ್ಯಾನಿನವ ಯಾರಿಗೂ ಕಾಯುವುದಿಲ್ಲ. ತಂಗಿಯನ್ನು ಅಂಗನವಾಡಿಯಿಂದ ಕರೆದುಕೊಂಡು ಹೋಗಬೇಕಾದ ಹುಡುಗಿಗೆ ಡಿಬೇಟು ಎಲ್ಲಿಯದು? ಉಳಿಯುವವರು ಮನೆಯಲ್ಲಿ ಕಾರೂ ಡ್ರೈವರೂ ಇದ್ದವರು, ಅಥವಾ ಶಾಲೆಯ ಹಿಂದಿನ ಬೀದಿಯವರು. ಅನುದಾನಿತ ಸಣ್ಣ ಶಾಲೆಗಳಲ್ಲಿ ಕಥೆ ಇನ್ನೂ ಬೇಗ ಮುಗಿಯುತ್ತದೆ: ಇರುವ ಟೀಚರುಗಳಿಗೆ ಜನಗಣತಿ, ಚುನಾವಣೆಯ ಕೆಲಸವೇ ಹೊರೆ. ಅಲ್ಲಿ ಪಿ.ಟಿ. ಮಾಸ್ಟರೇ ಸ್ಕೌಟ್ ಮಾಸ್ಟರು, ಅವರೇ ಇಕೋ ಕ್ಲಬ್ಬು, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಬಸ್ಸು ಹತ್ತಿಸುವವರೂ ಅವರೇ. ಎರಡೂ ಬಗೆಯ ಶಾಲೆಗಳ ಮೇಲೆ ಅದೇ ಶಿಲುಬೆ, ಎಷ್ಟೋ ಕಡೆ ಅದೇ ಆಡಳಿತ ಮಂಡಳಿ. ದೊಡ್ಡ ಶಾಲೆಯ ಕ್ವಾಯರ್ ಟೀಚರು ವಾರಕ್ಕೊಂದು ದಿನ ಸಣ್ಣ ಶಾಲೆಗೆ ಹೋಗಿ ಬರಲು ಅಡ್ಡಿಯೇನು?

ಕನ್ನಡ ಸಂಘದ್ದು ಸಣ್ಣ ಮಾತಲ್ಲ. ಕಂಟೋನ್ಮೆಂಟಿನ ಮಕ್ಕಳ ಮನೆಮಾತು ತಮಿಳು, ದಖನಿ, ಕೊಂಕಣಿ, ಮಲಯಾಳ. ಕನ್ನಡ ಅವರಿಗೆ ಎರಡನೆಯದೋ ಮೂರನೆಯದೋ ಭಾಷೆ. ಆದ್ದರಿಂದ ಕನ್ನಡ ಸಂಘ ಅಕ್ಟೋಬರ್ ಕೊನೆಗೆ ಎಚ್ಚರಗೊಂಡು, ಹಳದಿ ಕೆಂಪು ಶಾಲು ಹೊದ್ದು, ಒಂದು ಕಂಸಾಳೆ ಕುಣಿದು, ನವೆಂಬರಿನಲ್ಲೇ ಮಲಗುತ್ತದೆ. ಅದಕ್ಕೆ ಕೆಲಸ ಕೊಡಿ. ಗೇಟಿನ ಮುಂದೆ ಕಸ ಬಿದ್ದರೂ ಬೀದಿದೀಪ ಕೆಟ್ಟರೂ ಪಾಲಿಕೆಗೆ ಅರ್ಜಿ ಬರೆಯುವುದು ಕನ್ನಡ ಸಂಘದ ಮಕ್ಕಳ ಪಾಲಿಗಿರಲಿ. ಕುಣಿತದಿಂದ ಬಾರದ ಕನ್ನಡ ನಾಲ್ಕು ಅರ್ಜಿಯಿಂದ ಬಂದೀತು, ಮೇಲಾಗಿ ದೀಪವೂ ಹತ್ತೀತು.

ಕ್ಲಬ್ಬುಗಳನ್ನು ಮುಚ್ಚಿ ಟ್ಯೂಷನ್ನಿಗೆ ಜಾಗ ಮಾಡಿ ಎನ್ನುವ ಪೋಷಕರ ಪಕ್ಷ ನನ್ನದಲ್ಲ. ಶುಕ್ರವಾರದ ಕೊನೆಯ ಎರಡು ಪೀರಿಯಡ್ಡು, ವ್ಯಾನು ಹೊರಡುವ ಮುಂಚೆ, ಎಲ್ಲ ಮಕ್ಕಳಿಗೂ ಕ್ಲಬ್ಬು ಇರಲಿ. ವಾರ್ಷಿಕೋತ್ಸವದ ರಿಹರ್ಸಲ್ಲಿಗೆ ಹೋಗುವ ವಾರಗಳಲ್ಲಿ ಅರ್ಧ ಕಡಿದರೂ ಈ ಸಮಯ ಸಿಗುತ್ತದೆ. ಅಡ್ಮಿಷನ್ನಿಗೆ ಹೋಗುವ ತಂದೆತಾಯಿಯರಿಗೆ ಒಂದು ವಿನಂತಿ: ಎಷ್ಟು ಕ್ಲಬ್ಬು ಇವೆ ಎಂದು ಕೇಳಬೇಡಿ, ಒಂದರ ಮಿನಿಟ್ಸ್ ಪುಸ್ತಕ ತೋರಿಸಿ ಎಂದು ಕೇಳಿ.