ಮುಂಬೈ ಲೋಕಲ್‌ಗೆ ಹೊಗಳಿಕೆ ಸಾಕು

ಮುಂಬೈ ಲೋಕಲ್ ಬಗ್ಗೆ ಬರೆಯಹೊರಟವರು ಹೊಗಳಿಯೇ ಮುಗಿಸುತ್ತಾರೆ. ನಗರದ ಜೀವನಾಡಿ, ಡಬ್ಬಾವಾಲಾಗಳ ಶಿಸ್ತು, ಮುಂಬೈಕರರ ಛಲ: ಇದೇ ಪಲ್ಲವಿ. ಹೊಗಳಲು ಕಾರಣವೂ ಇದೆಯೆನ್ನಿ. 1925ರ ಫೆಬ್ರುವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು ಬಾಂಬೆ ವಿ.ಟಿ.ಯಿಂದ ಕುರ್ಲಾಕ್ಕೆ. ಕೋವಿಡ್‌ಗೆ ಮುಂಚೆ ಈ ಜಾಲದಲ್ಲಿ ದಿನಕ್ಕೆ ಸುಮಾರು 75 ಲಕ್ಷ ಜನ ಓಡಾಡುತ್ತಿದ್ದರು. ಕರ್ಜತ್, ಕಸಾರಾದಷ್ಟು ದೂರದಲ್ಲಿ ಮನೆ ಮಾಡಿಕೊಂಡು ತಿಂಗಳ ಪಾಸಿನಲ್ಲೇ ನೌಕರಿ ನಡೆಸುವುದು ಬೇರೆ ಯಾವ ವಾಹನದಿಂದಲೂ ಆಗದ ಮಾತು.

ಆದರೆ ಡಬ್ಬಿಯೊಳಗೆ ಹೊಕ್ಕು ನೋಡಬೇಕು. ಮೂವರ ಸೀಟಿನ ತುದಿಯಲ್ಲಿ ‘ಚೌಥಿ ಸೀಟ್’ ಗಿಟ್ಟಿಸಿದವರು ಅರ್ಧ ಕೂತು, ಉಳಿದರ್ಧ ಕಾಲ ಮೇಲೆ ಭಾರ ಬಿಟ್ಟಿರುತ್ತಾರೆ. ದಾದರ್‌ನಲ್ಲಿ ಇಳಿಯುವವರು ಒಂದೆರಡು ಸ್ಟೇಷನ್ ಮೊದಲೇ ಬಾಗಿಲತ್ತ ನುಸುಳುತ್ತ, ಮುಂದಿದ್ದವರ ಭುಜ ತಟ್ಟಿ ‘ದಾದರ್?’ ಎಂದು ಕೇಳುತ್ತಾರೆ. ಅಲ್ಲವೆಂದರೆ ಅವರನ್ನು ದಾಟಿಯೇ ಮುಂದೆ ಹೋಗಬೇಕು. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುವ ಈ ಸ್ಥಿತಿಯನ್ನು ರೈಲ್ವೆಯವರು ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎಂದು ಕಡತಕ್ಕೆ ಸೇರಿಸಿಕೊಂಡು ಸುಮ್ಮನಾದರು.

2025ರ ಜೂನ್ 9ರಂದು ಮುಂಬ್ರಾ ಬಳಿಯ ತಿರುವಿನಲ್ಲಿ ಎರಡು ಲೋಕಲ್‌ಗಳು ಅಕ್ಕಪಕ್ಕ ಹಾದುಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದು ಸತ್ತರು. ಎಲ್ಲ ಲೋಕಲ್‌ಗಳಿಗೂ ಸ್ವಯಂಚಾಲಿತ ಬಾಗಿಲು ಹಾಕಿಸುವ ಘೋಷಣೆ ಬಂದದ್ದು ಆಮೇಲೆ. ತಾನೇ ಮುಚ್ಚಿಕೊಳ್ಳುವ ಬಾಗಿಲಿನ ಎಸಿ ಲೋಕಲ್ 2017ರಲ್ಲೇ ಓಡತೊಡಗಿತ್ತು! ಹೀಗೆ ಬಾಗಿಲಲ್ಲಿ ನೇತಾಡುವುದನ್ನು ಛಲ ಎನ್ನುವುದು ಆಡಳಿತಕ್ಕೆ ಅನುಕೂಲ, ಅಷ್ಟೆ.

ಚೆನ್ನೈನ ನಗರ ರೈಲು ಎಂ.ಆರ್.ಟಿ.ಎಸ್.ನ ಕಥೆ ತದ್ವಿರುದ್ಧ. 1995ರಲ್ಲಿ ಬೀಚ್‌ನಿಂದ ಚೆಪಾಕ್‌ವರೆಗೆ ಶುರುವಾದ ಮಾರ್ಗ ವೇಳಚೇರಿ ಮುಟ್ಟಲು 2007 ಆಯಿತು. ಬಕಿಂಗ್‌ಹ್ಯಾಮ್ ಕಾಲುವೆಯಲ್ಲೇ ಕಂಬ ನೆಟ್ಟು, ಕಲ್ಯಾಣಮಂಟಪಗಳನ್ನೂ ನಾಚಿಸುವಂಥ ಸ್ಟೇಷನ್ ಕಟ್ಟಿದರು. ಅಂಗಡಿ ಮುಂಗಟ್ಟು ಬರಲೆಂದು ಬಿಟ್ಟ ಜಾಗ ಎಷ್ಟೋ ಕಡೆ ಖಾಲಿ ಬಿತ್ತು. ಬಸ್ ಇಳಿದವರು ಸ್ಟೇಷನ್ ತಲುಪುವ ದಾರಿಯನ್ನು ಮಾತ್ರ ಯಾರೂ ಸರಿಯಾಗಿ ಯೋಚಿಸಿದಂತಿಲ್ಲ.

ಬೆಂಗಳೂರು ನೋಡಿ ಕಲಿಯಬೇಕಾದದ್ದು ಮುಂಬೈಗಿಂತ ಚೆನ್ನೈಯನ್ನೇ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗಗಳ, 148 ಕಿ.ಮೀ. ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಕೊಟ್ಟ ಮಾತು 40 ತಿಂಗಳು. ಗಡುವು ಮುಗಿದಾಗ ಒಂದು ರೈಲೂ ಓಡಿರಲಿಲ್ಲ. ತಡವನ್ನಾದರೂ ಸಹಿಸಬಹುದು. ಅದೇ 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದಾಗ, ಬೈಯಪ್ಪನಹಳ್ಳಿ ಮೆಟ್ರೊದಿಂದ ಅಲ್ಲಿಗೆ ನೇರ ಕಾಲುದಾರಿಯೇ ಇರಲಿಲ್ಲ. ಲಗೇಜ್ ಹೊತ್ತವರು ಆಟೊ ಹುಡುಕಬೇಕಾಯಿತು. ಮಲ್ಲಿಗೆ ಮಾರ್ಗ ಹೊರಡಬೇಕಿರುವುದೂ ಬೈಯಪ್ಪನಹಳ್ಳಿಯಿಂದಲೇ.